ಹೆಚ್ಚು ದೂರ, ಕಡಿಮೆ ಹೊತ್ತು

ಮಸ್ಕಿಯಿಂದ ಸಿಂಧನೂರು ಹತ್ತಿರ, ರಾಯಚೂರು ದೂರ. ಎಲ್ಲಿಗೆ ಹೆಚ್ಚು ಹೊತ್ತು ಹಿಡಿಯುತ್ತದೆ ಎಂದು ಬಸ್ ಸ್ಟ್ಯಾಂಡಿನಲ್ಲಿ ಯಾರನ್ನೂ ಕೇಳಬೇಕಿಲ್ಲ. ಭತ್ತ ತುಂಬಿದ ಟ್ರ್ಯಾಕ್ಟರು ಅಡ್ಡ ನಿಂತರೆ ಲೆಕ್ಕ ಒಂದಿಷ್ಟು ತಪ್ಪೀತು, ಅಷ್ಟೆ. ರಸ್ತೆಯ ಮೇಲೆ ದೂರ ಹೆಚ್ಚಾದರೆ ಹೊತ್ತೂ ಹೆಚ್ಚು.

ಆಕಾಶದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಏರ್ ಇಂಡಿಯಾದ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ಮೊದಲು ಪಶ್ಚಿಮಕ್ಕೆ ಹೊರಟು, ಅಟ್ಲಾಂಟಿಕ್ ಸಾಗರ ದಾಟಿ ಅಮೆರಿಕ ಸೇರುತ್ತಿತ್ತು. ದೂರ ಸುಮಾರು 13,900 ಕಿ.ಮೀ. 2016ರ ಅಕ್ಟೋಬರಿನಲ್ಲಿ ಸಂಸ್ಥೆಯವರು ಅದೇ ವಿಮಾನದ ಮೂತಿಯನ್ನು ಪೂರ್ವಕ್ಕೆ ತಿರುಗಿಸಿದರು. ಚೀನಾ, ಜಪಾನ್‌ಗಳ ಮೇಲೆ ಹಾದು ಪೆಸಿಫಿಕ್ ದಾಟುವ ದಾರಿ ಅದು. ದೂರ ಸುಮಾರು 15,300 ಕಿ.ಮೀ. ಅಂದರೆ 1,400 ಕಿ.ಮೀ. ಹೆಚ್ಚು. ಮಸ್ಕಿಯಿಂದ ದೆಹಲಿಗೆ ನೇರ ಗೆರೆ ಎಳೆದರೆ ಅದೂ ಹೆಚ್ಚುಕಡಿಮೆ ಇಷ್ಟೇ ಉದ್ದ. ಇಷ್ಟೊಂದು ಸುತ್ತು ಹಾಕಿದ ವಿಮಾನ ಹದಿನಾಲ್ಕೂವರೆ ಗಂಟೆಯಲ್ಲಿ ಇಳಿದುಬಿಟ್ಟಿತು. ಹಳೆಯ ದಾರಿಗಿಂತ ಸುಮಾರು ಎರಡು ಗಂಟೆ ಮೊದಲೇ!

ಎಂಜಿನ್ ಹೊಸದಲ್ಲ, ಪೈಲಟ್ ಅವಸರ ಮಾಡಿದ್ದೂ ಇಲ್ಲ. ದಾರಿ ಬದಲಾಯಿತು, ಅಷ್ಟೆ. ಮಗನೋ ಮಗಳೋ ಅಮೆರಿಕದಲ್ಲಿರುವ ಮನೆಗಳಲ್ಲಿ ಈ ಒಗಟಿನ ಅರ್ಧ ಭಾಗ ಆಗಲೇ ಗೊತ್ತಿರುತ್ತದೆ. ಹೋಗುವ ಹೊತ್ತು ಬೇರೆ, ಬರುವ ಹೊತ್ತು ಬೇರೆ. ನ್ಯೂಯಾರ್ಕಿನಿಂದ ಲಂಡನ್ನಿಗೆ ಏಳು ಗಂಟೆಯಾದರೆ ಅದೇ ದಾರಿಯಲ್ಲಿ ಹಿಂದಿರುಗಲು ಎಂಟು ಗಂಟೆ. ಯಾಕೆ ಎಂದು ಕೇಳಿದರೆ ನಮ್ಮ ಕಡೆ ಸಿಗುವ ಉತ್ತರ ಒಂದೇ: ‘ಭೂಮಿ ತಿರುಗ್ತದಲ್ಲ, ಅದಕ್ಕ.’ ಈ ಉತ್ತರ ಹೇಳುವ ರೀತಿ ಪೂರ್ತಿ ತಪ್ಪು, ಆದರೆ ಅದರೊಳಗೊಂದು ನಿಜ ಅಡಗಿದೆ. ಅದನ್ನು ಹೊರಗೆ ತೆಗೆಯುವುದೇ ಈ ಅಧ್ಯಾಯದ ಕೆಲಸ.

ಗ್ಲೋಬಿನ ಮೇಲೊಂದು ದಾರ

ಮೊದಲು ದೂರದ ಮಾತು ಮುಗಿಸಿಬಿಡೋಣ, ಅದು ಸುಲಭ.

2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಏರ್ ಇಂಡಿಯಾ ವಿಮಾನ ಎಲ್ಲೂ ನಿಲ್ಲದೆ 11ರ ಬೆಳಗಿನ ಜಾವ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಳಿಯಿತು. ಎರಡು ಊರುಗಳ ನಡುವಿನ ಮೊದಲ ನೇರ ಹಾರಾಟ ಅದು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮುಂದಾಳತ್ವದಲ್ಲಿ ವಿಮಾನ ನಡೆಸಿದವರೆಲ್ಲ ಮಹಿಳೆಯರು. ಉತ್ತರ ಧ್ರುವದ ಸೀಮೆಯ ಮೇಲೆ ಹಾದು ಬಂದರು ಎಂದು ಪತ್ರಿಕೆಗಳು ದೊಡ್ಡದಾಗಿ ಬರೆದವು. 9 ಆಯಿತು, 11 ಆಯಿತು, ನಡುವಿನ 10ನೇ ತಾರೀಕು ಎಲ್ಲಿ ಹೋಯಿತು ಎಂದು ಗಾಬರಿಯಾಗಬೇಕಿಲ್ಲ. ಚಳಿಗಾಲದಲ್ಲಿ ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ. ಅದನ್ನು ಕಳೆದರೆ ಹಾರಿದ್ದು ಸುಮಾರು ಹದಿನೇಳು ಗಂಟೆ ಮಾತ್ರ.

ಜನರಿಗೆ ಬಗೆಹರಿಯದಿದ್ದದ್ದು ಧ್ರುವದ ಮಾತು. ಗೋಡೆಗೆ ತೂಗುಹಾಕಿದ ನಕ್ಷೆಯಲ್ಲಿ ಅಮೆರಿಕ ಎಡಗಡೆ ಇದೆ. ಎಡಕ್ಕೆ ಹೋಗುವುದು ಬಿಟ್ಟು ಹಿಮದ ನೆತ್ತಿಗೆ ಯಾಕೆ ಹತ್ತಬೇಕು?

ಶಾಲೆಯಲ್ಲೊಂದು ಗ್ಲೋಬು ಇದ್ದೇ ಇರುತ್ತದೆ, ಬಹಳ ಸಲ ಹೆಡ್‌ಮಾಸ್ಟರ ಬೀರುವಿನ ಮೇಲೆ, ದೂಳು ಹಿಡಿದು. ಅದನ್ನು ಇಳಿಸಿ, ಒಂದು ದಾರದ ತುದಿಯನ್ನು ಬೆಂಗಳೂರಿನ ಮೇಲೂ ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೋದ ಮೇಲೂ ಇಟ್ಟು ಬಿಗಿಯಾಗಿ ಎಳೆಯಿರಿ. ದಾರ ಎಡಕ್ಕೂ ಹೋಗುವುದಿಲ್ಲ, ಬಲಕ್ಕೂ ಹೋಗುವುದಿಲ್ಲ. ಜಾರಿ ಜಾರಿ ಮೇಲಕ್ಕೆ ಏರುತ್ತದೆ. ನೇಪಾಳ, ಟಿಬೆಟ್, ಸೈಬೀರಿಯ, ಆರ್ಕ್ಟಿಕ್ ಸಾಗರದ ಅಂಚು, ಅಲಾಸ್ಕ, ಹೀಗೆ ಸುತ್ತಿ ಕೆಳಗಿಳಿಯುತ್ತದೆ. ಅತಿ ಹತ್ತಿರದ ದಾರಿ ಅದೇ, ಸುಮಾರು 14,000 ಕಿ.ಮೀ. ಮಸ್ಕಿಯಲ್ಲೇ ನಿಂತು ಎಳೆದರೆ ಇನ್ನೂರೈವತ್ತು ಕಿ.ಮೀ. ಉಳಿಯುತ್ತದೆ, ನಾವು ಅಷ್ಟು ಉತ್ತರಕ್ಕಿದ್ದೇವೆ. ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೋ ಭೂಮಿಯ ಎರಡು ಪಕ್ಕಗಳಲ್ಲಿ ಹೆಚ್ಚುಕಡಿಮೆ ಬೆನ್ನಿಗೆ ಬೆನ್ನು ಹಾಕಿ ನಿಂತಿರುವುದರಿಂದ ನೆತ್ತಿಯ ಮೇಲಿನ ದಾರಿಯೇ ಹತ್ತಿರವಾಯಿತು. ಗೋಡೆಯ ನಕ್ಷೆ ದುಂಡು ಭೂಮಿಯನ್ನು ಸೀಳಿ ಚಪ್ಪಟೆ ಮಾಡಿದ್ದರಿಂದ ನಮಗೆ ಈ ಭ್ರಮೆ.

ದಾರ ತೋರಿಸಿದ ದಾರಿಯಲ್ಲೇ ವಿಮಾನ ಹೋಗುತ್ತದೆ ಎಂದಲ್ಲ. ಟಿಬೆಟ್ಟಿನ ನೆಲವೇ ನಾಲ್ಕೂವರೆ ಸಾವಿರ ಮೀಟರ್ ಎತ್ತರದಲ್ಲಿದೆ. ಒಳಗಿನ ಗಾಳಿಯೊತ್ತಡ ಕೈಕೊಟ್ಟರೆ ಪೈಲಟ್ ವಿಮಾನವನ್ನು ತಕ್ಷಣ ಸುಮಾರು 3,000 ಮೀಟರಿಗೆ ಇಳಿಸಬೇಕು, ಅಲ್ಲಿ ಇಳಿಸಲು ಜಾಗವೇ ಇಲ್ಲ. ಹಾಗಾಗಿ ಅದನ್ನು ಬಳಸಿಕೊಂಡು ಹೋಗುತ್ತಾರೆ. ಯುದ್ಧ, ಮುಚ್ಚಿದ ಗಡಿಗಳು ಇನ್ನಷ್ಟು ಸುತ್ತು ಹಾಕಿಸುತ್ತವೆ. ಆದರೆ ದೂರವನ್ನೇ ಮುಂದೆ ಮಾಡಿಕೊಂಡು ಕೂತರೆ 2016ರ ದೆಹಲಿ ವಿಮಾನದ ಒಗಟು ಬಿಡಿಸಿಕೊಳ್ಳುವುದಿಲ್ಲ. ಅದು ದೂರದ ದಾರಿಯನ್ನು ಬೇಕೆಂದೇ ಆರಿಸಿಕೊಂಡಿತ್ತು.

ಓಡುವ ಬಂಡೆ

ಈಗ ‘ಭೂಮಿ ತಿರುಗ್ತದಲ್ಲ’ ಎಂಬ ಮಾತಿಗೆ ಬರೋಣ.

ಮಸ್ಕಿ ಪುಸ್ತಕಗಳಿಗೆ ಸೇರಿದ್ದು ಒಂದು ಬಂಡೆಯಿಂದ. 1915ರಲ್ಲಿ ಚಿನ್ನದ ಅದಿರು ಹುಡುಕುತ್ತ ಬಂದ ಬೀಡನ್ ಎಂಬ ಎಂಜಿನಿಯರಿಗೆ ಇಲ್ಲಿಯ ಗುಡ್ಡದಲ್ಲಿ ಅಶೋಕನ ಶಾಸನ ಕಂಡಿತು. ಬೇರೆ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂದಷ್ಟೇ ಓದುತ್ತಿದ್ದ ವಿದ್ವಾಂಸರಿಗೆ ಇಲ್ಲಿ ಅಶೋಕನ ಹೆಸರೇ ಸಿಕ್ಕಿತು. ಇಪ್ಪತ್ತೆರಡು ಶತಮಾನ ದಾಟಿದರೂ ಆ ಬಂಡೆ ಕದಲಿಲ್ಲ ಎನ್ನುತ್ತೇವೆ. ನಿಜ ಏನೆಂದರೆ, ಅದು ಒಂದು ಕ್ಷಣವೂ ನಿಂತಿಲ್ಲ. ಭೂಮಿಯ ಜೊತೆ ಸುತ್ತುತ್ತ ಗಂಟೆಗೆ ಸುಮಾರು 1,600 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ಓಡುತ್ತಲೇ ಇದೆ. ದೊಡ್ಡ ಪ್ರಯಾಣಿಕ ವಿಮಾನದ ಓಟ ಗಂಟೆಗೆ 900 ಕಿ.ಮೀ. ಆಸುಪಾಸು. ಅಶೋಕನ ಬಂಡೆ ಅದನ್ನು ಸಲೀಸಾಗಿ ಹಿಂದೆ ಹಾಕುತ್ತದೆ.

ಹಾಗಾದರೆ ವಿಮಾನ ಮೇಲೇರಿ ಸುಮ್ಮನೆ ನಿಂತುಬಿಡಲಿ. ಕೆಳಗೆ ಭೂಮಿ ಪೂರ್ವಕ್ಕೆ ಸರಿಯುತ್ತದೆ, ಅರಬ್ಬಿ ಸಮುದ್ರ ಬರುತ್ತದೆ, ಆಫ್ರಿಕ ಬರುತ್ತದೆ, ಸಂಜೆಯೊಳಗೆ ಅಮೆರಿಕ ಬರುತ್ತದೆ, ಇಳಿದುಕೊಂಡರಾಯಿತು. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ವಿಮಾನ ‘ನಿಲ್ಲುವುದು’ ಯಾವುದರಲ್ಲಿ? ಗಾಳಿಯಲ್ಲಿ. ಆ ಗಾಳಿಯೂ ಭೂಮಿಯ ಜೊತೆಗೇ ಸುತ್ತುತ್ತಿದೆ. ಗಾಳಿ ಸುತ್ತದೆ ನೆಲ ಮಾತ್ರ ಸುತ್ತುವುದಾದರೆ ಮಸ್ಕಿಯಲ್ಲಿ ಹಗಲೂ ರಾತ್ರಿ ಗಂಟೆಗೆ 1,600 ಕಿ.ಮೀ. ವೇಗದ ಮೂಡಣ ಗಾಳಿ ಬೀಸುತ್ತಿರಬೇಕಿತ್ತು. ಕರಾವಳಿಯಲ್ಲಿ ಮರ ಬುಡಮೇಲು ಮಾಡುವ ಚಂಡಮಾರುತಗಳ ಗಾಳಿ 200–250 ದಾಟಿದರೆ ಬಹಳ. ಮನೆ ಮಠ ಹೋಗಲಿ, ಗುಡ್ಡವೇ ಉಳಿಯುತ್ತಿರಲಿಲ್ಲ.

ನಿಲ್ದಾಣದಲ್ಲಿ ನಿಂತಿದ್ದಾಗಲೂ ವಿಮಾನಕ್ಕೆ ಆ ಊರಿನ ಓಟ ಇದ್ದೇ ಇರುತ್ತದೆ, ಏರಿದ ಮೇಲೆ ಅದೇನೂ ಕಳಚಿ ಬೀಳುವುದಿಲ್ಲ. ನಮ್ಮ ನೆತ್ತಿಯ ಮೇಲೆ ಪಶ್ಚಿಮಕ್ಕೆ 900ರಲ್ಲಿ ಹಾರುವ ವಿಮಾನವನ್ನು ಚಂದ್ರನ ಮೇಲೆ ನಿಂತು ನೋಡಿದವರಿಗೆ ಅದು ಇನ್ನೂ 700 ಕಿ.ಮೀ. ವೇಗದಲ್ಲಿ ಪೂರ್ವಕ್ಕೇ ಹೋಗುತ್ತಿರುವಂತೆ ಕಾಣುತ್ತದೆ. ಅಲ್ಲಿಗೆ, ಭೂಮಿ ತಿರುಗುವುದರಿಂದ ಪಶ್ಚಿಮದ ಊರು ತಾನೇ ಎದುರು ಬರುತ್ತದೆ ಎಂಬ ಮಾತು ಮುಗಿಯಿತು. ಅನುಭವ ಹೇಳುವುದಂತೂ ತದ್ವಿರುದ್ಧ. ಬೇಗ ಮುಗಿಯುವುದು ಪೂರ್ವಕ್ಕೆ ಹೋಗುವ ಪ್ರಯಾಣ.

ಹರಿಗೋಲಿನ ಲೆಕ್ಕ

ಲಿಂಗಸುಗೂರು ತಾಲ್ಲೂಕಿನ ಜಲದುರ್ಗದ ಕಡೆ ಕೃಷ್ಣೆ ಕವಲೊಡೆದು ನಡುಗಡ್ಡೆಗಳನ್ನು ಸುತ್ತಿ ಹರಿಯುತ್ತಾಳೆ. ಅಲ್ಲಿ ಹರಿಗೋಲು ಹಾಕುವವರಿಗೆ ಒಂದು ಸಂಗತಿ ಹೇಳಿಕೊಡಬೇಕಿಲ್ಲ: ಹುಟ್ಟು ಹಾಕುವುದು ನೀರಿಗೆ, ದಡಕ್ಕಲ್ಲ. ಹರಿವಿನ ಜೊತೆ ಹೊರಟರೆ ಎರಡು ಹುಟ್ಟಿಗೇ ದಡದ ಮರಗಳು ಹಿಂದೆ ಓಡುತ್ತವೆ. ಎದುರು ಹೊರಟರೆ ತೋಳು ಸೋತರೂ ಅದೇ ಮರ ಪಕ್ಕದಲ್ಲೇ ನಿಂತಿರುತ್ತದೆ. ಎರಡೂ ಸಲ ಅಂಬಿಗ ಪಟ್ಟ ಶ್ರಮ ಒಂದೇ, ನೀರಿನೊಳಗೆ ಹರಿಗೋಲು ಸರಿದ ವೇಗವೂ ಒಂದೇ.

ವಿಮಾನದ ಪಾಡೂ ಇದೇ. ಎಂಜಿನ್ ಅದನ್ನು ತಳ್ಳುವುದು ಗಾಳಿಯೊಳಗೆ, ರೆಕ್ಕೆ ಎತ್ತಿ ಹಿಡಿಯುವುದೂ ಗಾಳಿಯ ಮೇಲೆ. 900 ಎಂಬ ಅಂಕಿ ಗಾಳಿಯಲ್ಲಿನ ವೇಗ. ಆ ಗಾಳಿಯೇ ನೆಲದ ಮೇಲೆ ಸರಿಯುತ್ತಿದ್ದರೆ ಅದನ್ನು ಕೂಡಬೇಕು ಇಲ್ಲವೇ ಕಳೆಯಬೇಕು. ಹೊರಬೀಳುವುದು ನೆಲದ ವೇಗ. ಟಿಕೆಟಿನ ಮೇಲಿನ ಗಂಟೆಯನ್ನು ನಿರ್ಧರಿಸುವುದು ಈ ಎರಡನೆಯದು.

2020ರ ಫೆಬ್ರವರಿ 8–9ರ ರಾತ್ರಿ ಬ್ರಿಟಿಷ್ ಏರ್‌ವೇಸ್‌ನ ಒಂದು 747 ವಿಮಾನ ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ಮುಟ್ಟಿತು. ನಡುವೆ ಅದರ ನೆಲದ ವೇಗ ಗಂಟೆಗೆ 1,327 ಕಿ.ಮೀ.ಗೆ ಏರಿತ್ತು. ಸಮುದ್ರಮಟ್ಟದಲ್ಲಿ ಸದ್ದಿನ ವೇಗ 1,235ರ ಹತ್ತಿರ. ಹಾಗಾದರೆ ಸದ್ದನ್ನೂ ಮೀರಿ ಓಡಿತೆ? ಇಲ್ಲ. ತನ್ನ ಸುತ್ತಲಿನ ಗಾಳಿಯಲ್ಲಿ ಅದು ಎಂದಿನ ಓಟವನ್ನೇ ಓಡಿತ್ತು. ಗಾಳಿಯೇ ಉಳಿದ 400ರಷ್ಟು ಕೊಟ್ಟಿತ್ತು. ಒಳಗೆ ಕೂತವರ ಚಹಾ ಚೆಲ್ಲುವಷ್ಟು ವ್ಯತ್ಯಾಸವೂ ಈ ವೇಗದಿಂದ ಆಗುವುದಿಲ್ಲ. ಗಡಗಡ ಅಲ್ಲಾಡಿಸುವುದು ಗಾಳಿಯ ವೇಗವಲ್ಲ, ಆ ವೇಗ ತಟಕ್ಕನೆ ಬದಲಾಗುವ ಜಾಗ.

ಹೋಗುವಾಗ ಕಳೆದುಕೊಂಡದ್ದು ಬರುವಾಗ ಸಿಗುತ್ತದೆ, ಲೆಕ್ಕ ಸರಿಹೋಯಿತು ಎಂದುಕೊಳ್ಳುವುದು ಸಹಜ. ಅದು ಸರಿಹೋಗುವುದಿಲ್ಲ. 9,000 ಕಿ.ಮೀ. ದೂರ, 900 ವೇಗ, ಗಾಳಿಯಿಲ್ಲ ಎನ್ನಿ: ಹೋಗಲು ಹತ್ತು ಗಂಟೆ, ಬರಲು ಹತ್ತು. ಈಗ 100 ಕಿ.ಮೀ. ಗಾಳಿ ಬರಲಿ. ಜೊತೆಗಿದ್ದಾಗ 1,000ದಂತೆ ಒಂಬತ್ತು ಗಂಟೆ. ಎದುರಾದಾಗ 800ರಂತೆ ಹನ್ನೊಂದೂಕಾಲು. ಒಟ್ಟು ಇಪ್ಪತ್ತೂಕಾಲು. ಕಾರಣ ಇಷ್ಟೇ: ಎದುರು ಗಾಳಿಯಲ್ಲಿ ನಾವು ಹೆಚ್ಚು ಹೊತ್ತು ಇರಬೇಕಾಗುತ್ತದೆ, ಜೊತೆಗಾಳಿಯಲ್ಲಿ ಕಡಿಮೆ ಹೊತ್ತು. ಎದುರು ಗಾಳಿ ಯಾವಾಗಲೂ ಬಡ್ಡಿ ಸೇರಿಸಿಯೇ ವಸೂಲು ಮಾಡುತ್ತದೆ.

ತವರಿನ ಓಟ

ಇಷ್ಟಾಯಿತು. ಆದರೆ ಆ ಎತ್ತರದಲ್ಲಿ ಗಾಳಿ ಬಹುತೇಕ ಪಶ್ಚಿಮದಿಂದ ಪೂರ್ವಕ್ಕೇ ಯಾಕೆ ಹರಿಯಬೇಕು? ಒಗಟಿನ ಬೇರು ಇರುವುದು ಇಲ್ಲಿ.

ಭೂಮಿ ಒಂದು ಸುತ್ತಿಗೆ ಒಂದು ದಿನ ತೆಗೆದುಕೊಳ್ಳುತ್ತದೆ, ಯಾವ ಊರಿಗಾದರೂ ಅಷ್ಟೇ. ಆದರೆ ಆ ಒಂದು ದಿನದಲ್ಲಿ ಎಲ್ಲ ಊರುಗಳೂ ಒಂದೇ ಸಮ ಓಡಬೇಕಿಲ್ಲ. ಭೂಮಧ್ಯರೇಖೆಯ ಮೇಲಿನ ಊರು ದೊಡ್ಡ ಸುತ್ತು ಹಾಕಬೇಕು, ಗಂಟೆಗೆ 1,670 ಕಿ.ಮೀ. ಮಸ್ಕಿಗೆ 1,600. ದೆಹಲಿಗೆ 1,470. ಸ್ಯಾನ್ ಫ್ರಾನ್ಸಿಸ್ಕೋಗೆ 1,320. ಮಾಸ್ಕೋಗೆ 940. ಧ್ರುವದಲ್ಲಿ ನಿಂತವನು ನಿಂತಲ್ಲೇ ತಿರುಗುತ್ತಾನೆ, ಸೊನ್ನೆ.

ಭೂಮಧ್ಯರೇಖೆಯ ಬಳಿ ಬಿಸಿಲಿಗೆ ಕಾದ ಗಾಳಿ ಮೇಲೇಳುತ್ತದೆ. ಹನ್ನೆರಡು–ಹದಿನೈದು ಕಿ.ಮೀ. ಎತ್ತರಕ್ಕೆ ಹೋದ ಮೇಲೆ ಇನ್ನೂ ಏರಲಾರದೆ ಪಕ್ಕಕ್ಕೆ ಹರಡುತ್ತದೆ, ಒಂದು ಪಾಲು ಉತ್ತರಕ್ಕೆ ಹೊರಡುತ್ತದೆ. ಹೊರಡುವಾಗ ತಾನು ಹುಟ್ಟಿದ ಜಾಗದ ಓಟವನ್ನು, ಆ 1,670ನ್ನು, ಕಟ್ಟಿಕೊಂಡೇ ಹೊರಡುತ್ತದೆ. ಇದನ್ನು ತವರಿನ ಓಟ ಎಂದು ಕರೆಯೋಣ. ದೆಹಲಿಯ ಅಕ್ಷಾಂಶಕ್ಕೆ ಬರುವ ಹೊತ್ತಿಗೆ ಕೆಳಗಿನ ನೆಲ 1,470ರಲ್ಲಿ ಓಡುತ್ತಿದೆ, ಮೇಲಿನ ಗಾಳಿಯ ಕೈಯಲ್ಲಿ ಹಳೆಯ 1,670 ಇದೆ. ನೆಲಕ್ಕಿಂತ ಗಾಳಿ ಮುಂದಾಯಿತು. ನೆಲದ ಮೇಲೆ ನಿಂತ ನಮಗೆ ಅದು ಪೂರ್ವದ ಕಡೆ ಧಾವಿಸುವ ಪಡುವಣ ಗಾಳಿಯಾಗಿ ಕಾಣುತ್ತದೆ.

1735ರಲ್ಲಿ ಲಂಡನ್ನಿನ ಜಾರ್ಜ್ ಹ್ಯಾಡ್ಲಿ ಎಂಬ ವಕೀಲ ಹಡಗಿನವರ ಗಾಳಿಗಳನ್ನು ವಿವರಿಸಲು ಹೊರಟು ಈ ತರ್ಕಕ್ಕೆ ತಲುಪಿದ್ದ. ವೃತ್ತಿಯಲ್ಲಿ ವಕೀಲ, ಹವಾಮಾನ ಅವನ ಹವ್ಯಾಸ. ಅವನ ಲೆಕ್ಕದಲ್ಲಿ ಒಂದು ಕೊರತೆಯಿತ್ತು. ಉತ್ತರಕ್ಕೆ ಸರಿದಂತೆ ಗಾಳಿ ಭೂಮಿಯ ತಿರುಗಚ್ಚಿಗೆ ಹತ್ತಿರವಾಗುತ್ತ ಹೋಗುತ್ತದೆ. ಹತ್ತಿರವಾದಷ್ಟೂ ಸುತ್ತುವ ವಸ್ತುವಿನ ಓಟ ಏರುತ್ತದೆ. ಹಾಗಾಗಿ ತವರಿನ ಓಟ ಇದ್ದಷ್ಟೇ ಉಳಿಯುವುದಿಲ್ಲ, ಬೆಳೆಯುತ್ತದೆ. ಯಾವ ಅಡೆತಡೆಯೂ ಇಲ್ಲದಿದ್ದರೆ ಭೂಮಧ್ಯರೇಖೆಯಿಂದ ಹೊರಟ ಗಾಳಿ 30 ಡಿಗ್ರಿ ಅಕ್ಷಾಂಶ ಮುಟ್ಟುವಾಗ ನೆಲಕ್ಕಿಂತ ಗಂಟೆಗೆ 480 ಕಿ.ಮೀ. ಮುಂದಿರಬೇಕು. ದಾರಿಯುದ್ದಕ್ಕೂ ಸುಳಿಗಳು ಅದರ ಓಟವನ್ನು ಹಂಚಿಕೊಂಡು ತಿನ್ನುವುದರಿಂದ ಅಷ್ಟು ಉಳಿಯುವುದಿಲ್ಲ. ಉಳಿದದ್ದೂ ಸಣ್ಣದಲ್ಲ. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ 150–200 ಕಿ.ಮೀ. ವೇಗ ಮಾಮೂಲು. ಜಪಾನ್ ಮೇಲೆ 300 ದಾಟುವುದುಂಟು.

ಹವಾಮಾನದವರು ಜೆಟ್ ಸ್ಟ್ರೀಮ್ ಎನ್ನುವ ಗಾಳಿಹೊಳೆ ಇದು. ಸಾವಿರಾರು ಕಿ.ಮೀ. ಉದ್ದ, ಕೆಲವು ನೂರು ಕಿ.ಮೀ. ಅಗಲ, ಎರಡು ಮೂರು ಕಿ.ಮೀ. ದಪ್ಪ. ಇನ್ನೂ ಉತ್ತರಕ್ಕೆ, ಧ್ರುವದ ತಣ್ಣನೆ ಗಾಳಿಯೂ ದಕ್ಷಿಣದ ಬೆಚ್ಚನೆ ಗಾಳಿಯೂ ಮುಖಾಮುಖಿಯಾಗುವ ಕಡೆ ಇದರ ಜೊತೆಗಾರ ಹೊಳೆಯೊಂದಿದೆ. ಅಟ್ಲಾಂಟಿಕ್ ದಾಟುವವರಿಗೆ ಸಿಗುವುದು ಹೆಚ್ಚಾಗಿ ಅದು. ಎರಡೂ ಚಳಿಗಾಲದಲ್ಲಿ ಬಲಿಯುತ್ತವೆ. ಬಿಸಿ ಮತ್ತು ಚಳಿಯ ನಡುವಿನ ಅಂತರ ಹೆಚ್ಚಾದಷ್ಟೂ ಇವಕ್ಕೆ ಮೇವು ಹೆಚ್ಚು.

ಭೂಮಿ ತಿರುಗುವುದೇ ಕಾರಣ ಎಂದವರ ಮಾತಿನೊಳಗಿನ ನಿಜ ಇದೇ. ಭೂಮಿ ತಿರುಗಿದ್ದರಿಂದ ಊರು ಎದುರು ಬರಲಿಲ್ಲ. ಆ ತಿರುಗಾಟ ಮೊದಲು ಗಾಳಿಗೆ ದಾಟಿತು, ಗಾಳಿ ಅದನ್ನು ಬೇರೆ ಊರಿಗೆ ಹೊತ್ತೊಯ್ದಿತು, ಅಲ್ಲಿ ವಿಮಾನಕ್ಕೆ ಸಿಕ್ಕಿತು. ಉತ್ತರ ಗೋಳಾರ್ಧದಲ್ಲಿ ನೆನಪಿಡಬೇಕಾದ್ದು ಇಷ್ಟು: ಉತ್ತರಕ್ಕೆ ಹೊರಟ ಗಾಳಿ ನೆಲವನ್ನು ಮೀರಿ ಪೂರ್ವಕ್ಕೆ ವಾಲುತ್ತದೆ. ದಕ್ಷಿಣಕ್ಕೆ ಹೊರಟದ್ದು ನೆಲಕ್ಕಿಂತ ಹಿಂದೆ ಬಿದ್ದು ಪಶ್ಚಿಮಕ್ಕೆ ವಾಲುತ್ತದೆ. ಎರಡನೆಯ ವಾಕ್ಯ ಮಸ್ಕಿಗೆ ಬಂದಾಗ ಬೇಕಾಗುತ್ತದೆ.

ಓದುವವರಿಲ್ಲದ ವರದಿ

ಈ ಹೊಳೆಯನ್ನು ಮೊದಲು ಅಳೆದವರಲ್ಲಿ ಒಬ್ಬರು ಜಪಾನಿನ ವಾಸಬುರೊ ಓಇಶಿ. ಟೋಕಿಯೋದ ಈಶಾನ್ಯಕ್ಕಿರುವ ತಾತೆನೊ ವೀಕ್ಷಣಾಲಯದಲ್ಲಿ 1920ರ ದಶಕದಲ್ಲಿ ಅವರು ಸಾವಿರಕ್ಕೂ ಹೆಚ್ಚು ಸಲ ಬಲೂನು ಹಾರಿಸಿದರು. ಬಲೂನು ಏರುತ್ತಿದ್ದಂತೆ ಥಿಯೋಡೋಲೈಟಿನಲ್ಲಿ ಅದನ್ನೇ ಹಿಂಬಾಲಿಸುವುದು, ನಿಮಿಷ ನಿಮಿಷಕ್ಕೂ ಕೋನ ಬರೆದುಕೊಳ್ಳುವುದು, ಆಮೇಲೆ ಕೂತು ಲೆಕ್ಕ ಹಾಕುವುದು. ಕಾಲುವೆ ಸರ್ವೆಗೆ ಬಳಸುವ ಅದೇ ಜಾತಿಯ ಉಪಕರಣ, ಕಣ್ಣು ಮಾತ್ರ ನೆಲದ ಬದಲು ಆಕಾಶಕ್ಕೆ. ಚಳಿಗಾಲದಲ್ಲಿ ಒಂಬತ್ತು–ಹತ್ತು ಕಿ.ಮೀ. ಎತ್ತರದಲ್ಲಿ ಭಯಂಕರ ಪಡುವಣ ಗಾಳಿ ಇದೆ ಎಂದು ಅವರಿಗೆ ಗೊತ್ತಾಯಿತು. ಜಗತ್ತಿಗೆಲ್ಲ ತಿಳಿಯಲಿ ಎಂದು 1926ರಲ್ಲಿ ವರದಿಯನ್ನು ಎಸ್ಪೆರಾಂಟೊ ಭಾಷೆಯಲ್ಲಿ ಬರೆದರು. ಎಲ್ಲ ದೇಶದವರಿಗೂ ಸಮನಾದ ಭಾಷೆ ಬೇಕೆಂದು ಒಬ್ಬರು ಕಟ್ಟಿದ ಭಾಷೆ ಅದು. ಸದುದ್ದೇಶವೇನೋ ಸರಿ, ಓದುವವರು ಸಿಗಲಿಲ್ಲ.

ಹೊರಗಿನವರು ಇದರ ಬೆಲೆ ತೆತ್ತು ಕಲಿತರು. 1944ರ ನವೆಂಬರ್ 24ರಂದು ಅಮೆರಿಕದ ನೂರಕ್ಕೂ ಹೆಚ್ಚು ಬಿ-29 ಬಾಂಬರುಗಳು ಟೋಕಿಯೋ ಕಡೆ ಹೊರಟವು. ಗುರಿಯ ಮೇಲೆ ಬಂದಾಗ ಬೆನ್ನ ಹಿಂದಿನ ಗಾಳಿ ಅವನ್ನು ಎಷ್ಟು ರಭಸದಿಂದ ನೂಕಿತೆಂದರೆ ಬಾಂಬುಗಳಲ್ಲಿ ಹೆಚ್ಚಿನವು ಎಲ್ಲೆಲ್ಲೋ ಬಿದ್ದವು. ಅದೇ ಚಳಿಗಾಲದಲ್ಲಿ ಜಪಾನ್ ಸುಮಾರು 9,000 ಬಲೂನುಗಳಿಗೆ ಬಾಂಬು ಕಟ್ಟಿ ಈ ಹೊಳೆಗೆ ತೇಲಿಬಿಟ್ಟಿತು, ಪೆಸಿಫಿಕ್ಕಿನ ಆಚೆ ಅಮೆರಿಕದಲ್ಲಿ ಬೀಳಲೆಂದು. ಕೆಲವು ಬಿದ್ದವು ಕೂಡ. 1945ರ ಮೇ 5ರಂದು ಒರೆಗಾನಿನ ಕಾಡಿನಲ್ಲಿ ಒಬ್ಬ ಗರ್ಭಿಣಿಯೂ ಐದು ಮಕ್ಕಳೂ ಅಂಥ ಒಂದು ಬಲೂನಿನ ಬಾಂಬಿಗೆ ಬಲಿಯಾದರು.

ಯುದ್ಧ ಮುಗಿದು ಏಳು ವರ್ಷಕ್ಕೆ, 1952ರ ನವೆಂಬರಿನಲ್ಲಿ, ಪ್ಯಾನ್ ಆಮ್ ಸಂಸ್ಥೆ ಪ್ರಯಾಣಿಕ ವಿಮಾನವೊಂದನ್ನು ಬೇಕೆಂದೇ ಈ ಹೊಳೆಗೆ ಇಳಿಸಿತು. ಟೋಕಿಯೋ–ಹೊನೊಲುಲು ನಡುವೆ ಹದಿನೆಂಟು ಗಂಟೆಯಾಗುತ್ತಿದ್ದ ಪ್ರಯಾಣ ಹನ್ನೊಂದೂವರೆಗೆ ಇಳಿಯಿತು. ಅಂದಿನಿಂದ ವಿಮಾನದ ದಾರಿ ಹಾಕುವವರು ಗ್ಲೋಬಿನ ದಾರವನ್ನು ಒಂದು ಕೈಯಲ್ಲಿ ಹಿಡಿದರೆ ಆ ದಿನದ ಗಾಳಿಯ ನಕ್ಷೆಯನ್ನು ಇನ್ನೊಂದರಲ್ಲಿ ಹಿಡಿಯುತ್ತಾರೆ. ಹಾಗಾಗಿ ಒಂದೇ ಸಂಖ್ಯೆಯ ವಿಮಾನ ಇಂದು ಹೋದ ದಾರಿಯಲ್ಲೇ ನಾಳೆಯೂ ಹೋಗಬೇಕೆಂದಿಲ್ಲ.

ದೆಹಲಿ ವಿಮಾನದ ಲೆಕ್ಕ

ಈಗ 15,300ನ್ನು ಹದಿನಾಲ್ಕೂವರೆಯಿಂದ ಭಾಗಿಸಿ. ಸರಾಸರಿ ಗಂಟೆಗೆ 1,055 ಕಿ.ಮೀ. ವಿಮಾನದ ಸ್ವಂತ ಓಟ 900. ಉಳಿದ 155 ಗಾಳಿಹೊಳೆ ಕೊಟ್ಟದ್ದು. ಏರುವಾಗ ಇಳಿಯುವಾಗ ವೇಗ ಕಡಿಮೆಯಿರುವುದರಿಂದ ನಡುದಾರಿಯಲ್ಲಿ ನೂಕು ಇನ್ನೂ ಹೆಚ್ಚೇ ಇದ್ದಿರಬೇಕು. ಹಳೆಯ ಅಟ್ಲಾಂಟಿಕ್ ದಾರಿಯಲ್ಲಿ 13,900 ಕಿ.ಮೀ.ಗೆ ಹದಿನಾರೂವರೆ ಗಂಟೆ ಎಂದರೆ ಸರಾಸರಿ 840. ಅಲ್ಲಿ ಗಾಳಿ ಕಿಸೆಗೆ ಕೈ ಹಾಕಿತ್ತು.

ಇನ್ನೊಂದು ಸ್ವಾರಸ್ಯವಿದೆ. ಸ್ಯಾನ್ ಫ್ರಾನ್ಸಿಸ್ಕೋದಿಂದ ಹಿಂದಿರುಗುವಾಗಲೂ ಪೂರ್ವಕ್ಕೇ ಹೊರಟು ಅಟ್ಲಾಂಟಿಕ್ ಮೇಲೆ ಬಂದರೆ ಗಾಳಿ ಮತ್ತೆ ಬೆನ್ನಿಗೆ. ಹೋಗುವಾಗ ಪೆಸಿಫಿಕ್, ಬರುವಾಗ ಅಟ್ಲಾಂಟಿಕ್. ಮಗಳ ಬಾಣಂತನಕ್ಕೆಂದು ಹೋಗಿ ಬಂದ ತಾಯಿ ತನಗೇ ತಿಳಿಯದೆ ಭೂಮಿಗೆ ಒಂದು ಪೂರ್ತಿ ಪ್ರದಕ್ಷಿಣೆ ಹಾಕಿರುತ್ತಾಳೆ. ಈ ಉಪಾಯ ಎಲ್ಲ ಜೋಡಿ ಊರುಗಳಿಗೂ ನಡೆಯುವುದಿಲ್ಲ. ದೆಹಲಿ ಮತ್ತು ಸ್ಯಾನ್ ಫ್ರಾನ್ಸಿಸ್ಕೋ ಭೂಮಿಯ ಎದುರುಬದುರು ಪಕ್ಕಗಳಲ್ಲಿರುವುದರಿಂದ ಎಡಕ್ಕೆ ಹೋದರೂ ಬಲಕ್ಕೆ ಹೋದರೂ ದೂರದಲ್ಲಿ ಅಂಥ ವ್ಯತ್ಯಾಸವಿಲ್ಲ, ಗಾಳಿಯ ಮಾತು ಕೇಳಬಹುದು. ಮುಂಬೈನಿಂದ ದುಬೈಗೆ ಹೋಗುವವರು ಪೂರ್ವಕ್ಕೆ ಹೊರಟರೆ ಗಾಳಿ ಏನು ಮಾಡೀತು?

ಮಸ್ಕಿಯ ನೆತ್ತಿಯ ಮೇಲೆ

ಮುಂಬೈ ಮತ್ತು ಚೆನ್ನೈ ವಿಮಾನ ನಿಲ್ದಾಣಗಳ ನಡುವೆ ನಕ್ಷೆಯಲ್ಲಿ ಒಂದು ಗೆರೆ ಎಳೆದು ಮಧ್ಯಬಿಂದು ಗುರುತಿಸಿದರೆ ಅದು ಮಸ್ಕಿಯಿಂದ ಹದಿನೈದು–ಇಪ್ಪತ್ತು ಕಿ.ಮೀ. ಒಳಗೇ ಬೀಳುತ್ತದೆ. ಗೆರೆಯ ಉದ್ದ ಸುಮಾರು 1,030 ಕಿ.ಮೀ. ದೊಡ್ಡ ಸಾಗರಗಳ ಮೇಲೆ ಕಂಡದ್ದನ್ನು ನಮ್ಮ ಗುಡ್ಡದ ಮೇಲೆಯೇ ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ.

ಜನವರಿಯಲ್ಲಿ ವಿಶೇಷವೇನಿಲ್ಲ. ಉತ್ತರದ ಗಾಳಿಹೊಳೆಯ ತೆಳುವಾದ ಅಂಚು ಇಲ್ಲಿಯವರೆಗೂ ಚಾಚಿರುತ್ತದೆ, ಹನ್ನೆರಡು ಕಿ.ಮೀ. ಎತ್ತರದಲ್ಲಿ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ. ಮುಂಬೈನಿಂದ ಚೆನ್ನೈಗೆ ಹೋಗುವವರಿಗೆ ಲಾಭ.

ಮಣ್ಣೆತ್ತಿನ ಅಮಾವಾಸ್ಯೆಯ ಹೊತ್ತಿಗೆ ಕಥೆ ಬೇರೆಯಾಗುತ್ತದೆ. ಆಗ ಮಸ್ಕಿಯ ನೆಲದ ಮೇಲೆ ಬೀಸುವುದು ಆಷಾಢದ ಗಾಳಿ. ಮಳೆ ತರುವುದಕ್ಕಿಂತ ಹೆಚ್ಚಾಗಿ ಮೋಡಗಳನ್ನು ಅಟ್ಟಿಕೊಂಡು ಹೋಗುವ, ಹೊಲದ ದೂಳೆಬ್ಬಿಸಿ ಸೆರಗು ಪಂಚೆ ನಿಲ್ಲಗೊಡದ ಗಾಳಿ. ಅದು ಬರುವುದು ಪಶ್ಚಿಮ–ನೈಋತ್ಯದಿಂದ. ಭೂಮಧ್ಯರೇಖೆಯನ್ನು ದಾಟಿ ಉತ್ತರಕ್ಕೆ ಹೊರಟ ಗಾಳಿಯಾದ್ದರಿಂದ ತವರಿನ ಓಟ ಅದನ್ನು ಪೂರ್ವಕ್ಕೆ ವಾಲಿಸಿದೆ. ನಿಯಮದ ಮೊದಲ ವಾಕ್ಯ. ಅದೇ ಗಳಿಗೆಯಲ್ಲಿ ಅದೇ ಜಾಗದ ಹದಿನಾಲ್ಕು ಹದಿನೈದು ಕಿ.ಮೀ. ಮೇಲೆ ಗಂಟೆಗೆ ನೂರು ಕಿ.ಮೀ. ಮೀರಿದ ಗಾಳಿ ಸರಿಯಾಗಿ ಎದುರು ದಿಕ್ಕಿಗೆ, ಪೂರ್ವದಿಂದ ಪಶ್ಚಿಮಕ್ಕೆ, ಹರಿಯುತ್ತಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಕ್ಷಿಣ ಭಾರತದ ಮೇಲೆ ನಿಲ್ಲುವ ಈ ಮೂಡಣ ಗಾಳಿಹೊಳೆಯ ಬಗ್ಗೆ 1958ರಲ್ಲಿ ವಿವರವಾಗಿ ಬರೆದವರು ಭಾರತದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ. ಮುಂದೆ ಅವರು ಹವಾಮಾನ ಇಲಾಖೆಯ ಮುಖ್ಯಸ್ಥರೂ ಆದರು.

ಇದು ಹುಟ್ಟುವ ಬಗೆಯನ್ನು ನಾವೀಗ ಸುಲಭವಾಗಿ ಊಹಿಸಬಹುದು. ಬೇಸಿಗೆಯ ಕೊನೆಗೆ ಟಿಬೆಟ್ಟಿನ ಎತ್ತರದ ನೆಲ ಬಿಸಿಲಿಗೆ ಕಾಯುತ್ತದೆ. ಸಮುದ್ರಮಟ್ಟದ ನೆಲ ಕಾದರೆ ಕೆಳಗಿನ ಗಾಳಿ ಬಿಸಿಯಾಗುತ್ತದೆ, ನಾಲ್ಕೂವರೆ ಸಾವಿರ ಮೀಟರಿನ ನೆಲ ಕಾದರೆ ಆಕಾಶದ ನಡುವೆಯೇ ಒಲೆ ಹಚ್ಚಿದ ಹಾಗೆ. ಹಿಮಾಲಯದ ಬುಡದಲ್ಲಿ ಸುರಿಯುವ ಮುಂಗಾರು ಮಳೆಯೂ ಆ ಬಿಸಿಗೆ ತನ್ನ ಪಾಲು ಸೇರಿಸುತ್ತದೆ. ವರ್ಷದ ಉಳಿದ ಕಾಲ ಬಿಸಿ ದಕ್ಷಿಣದಲ್ಲಿ, ಚಳಿ ಉತ್ತರದಲ್ಲಿ. ಈ ಮೂರು–ನಾಲ್ಕು ತಿಂಗಳು ಮೇಲಿನ ಆಕಾಶದಲ್ಲಿ ಅದು ಅದಲುಬದಲು. ಅಲ್ಲಿ ಮೇಲೆದ್ದ ಗಾಳಿ ದಕ್ಷಿಣಕ್ಕೆ ಹರಡುತ್ತದೆ. ನಿಧಾನದ ನೆಲದಿಂದ ಹೊರಟದ್ದು ವೇಗದ ನೆಲದ ಮೇಲೆ ಬರುತ್ತದೆ. ಟಿಬೆಟ್ಟಿನ ಓಟ ಹೊತ್ತು ತಂದ ಗಾಳಿಗೆ ಮಸ್ಕಿಯ 1,600ರ ಜೊತೆ ಹೆಜ್ಜೆ ಹಾಕಲು ಆಗುವುದಿಲ್ಲ. ಹಿಂದೆ ಬೀಳುತ್ತದೆ, ಅಂದರೆ ಪಶ್ಚಿಮಕ್ಕೆ ಹರಿಯುತ್ತದೆ. ನಿಯಮದ ಎರಡನೆಯ ವಾಕ್ಯ.

ವಿಮಾನಗಳು ಹಾರುವುದು ಹತ್ತು–ಹನ್ನೆರಡು ಕಿ.ಮೀ. ಎತ್ತರದಲ್ಲಿ. ಹೊಳೆಯ ನಡುಮಧ್ಯ ಅವಕ್ಕೆ ಸಿಗುವುದಿಲ್ಲ, ತಳದ ಸೆಳೆತ ಮಾತ್ರ ಸಿಗುತ್ತದೆ. ಗಾಳಿಯಲ್ಲಿನ ವೇಗ 830, ಗಾಳಿ 70 ಎಂದು ಹಿಡಿಯಿರಿ. ಆಗ ಜುಲೈನಲ್ಲಿ ಚೆನ್ನೈನಿಂದ ಮುಂಬೈಗೆ ಆ 1,030 ಕಿ.ಮೀ. ಹಾರಲು 69 ನಿಮಿಷ, ಎದುರು ದಿಕ್ಕಿಗೆ 81. ಜನವರಿಯಲ್ಲಿ ಲಾಭ ನಷ್ಟ ಕೈ ಬದಲಾಯಿಸುತ್ತವೆ. ಹನ್ನೆರಡು ನಿಮಿಷದ ಈ ವ್ಯತ್ಯಾಸ ಪ್ರಯಾಣಿಕರ ಗಮನಕ್ಕೆ ಬರುವುದು ಕಡಿಮೆ, ಯಾಕೆಂದರೆ ಚೆನ್ನೈನಿಂದ ಹೋದ ವಿಮಾನ ಮುಂಬೈ ಮೇಲೆ ಇಳಿಯುವ ಸರದಿಗೆ ಕಾಯುತ್ತ ನಾಲ್ಕು ಸುತ್ತು ಹಾಕಿದರೆ, ಟಿಬೆಟ್ಟಿನಿಂದ ಬಂದ ಉಳಿತಾಯವೆಲ್ಲ ಅಲ್ಲೇ ಕರಗಿಹೋಗಿರುತ್ತದೆ.